ಪಬ್‌ಮೆಡ್‌ನಲ್ಲಿ ಬಳ್ಳಾರಿ ಹುಡುಕಿದರೆ ಹೆಬ್ಬಾಳ ಸಿಗುತ್ತದೆ

ಬಳ್ಳಾರಿಯ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಏಪ್ರಿಲ್ ಬಂತೆಂದರೆ ಥೀಸಿಸ್ ಬರೆಯುವ ಪಿಜಿ ಡಾಕ್ಟರ್‌ಗಳು ಬೆಳಗಿನಿಂದ ಸಂಜೆವರೆಗೂ ಇಲ್ಲೇ ಕೂತಿರುತ್ತಾರೆ. ಎಸಿ ಇರೋದೂ ಒಂದು ಕಾರಣ ಅನ್ನಿ.

ಈ ಸಲ ಕುಷ್ಟಗಿ ಕಡೆಯ ಡಾಕ್ಟರಮ್ಮ ಒಬ್ಬರು ಬಂದರು. "ಸರ್, ನಮ್ಮ ಕೊಪ್ಪಳ, ರಾಯಚೂರು ಕಡೆ ಫ್ಲೋರೋಸಿಸ್ ಮ್ಯಾಲೆ ಏನೇನ್ ಬಂದೈತಿ, ಎಲ್ಲಾ ಬೇಕ್ರಿ. ಹುಡುಕಿದ್ರ ಬ್ಯಾರೇನ ಬರ್ತೈತಿ." ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು, ಅದರಿಂದ ಕಂದು ಕಲೆಯ ಹಲ್ಲು, ಇದು ನಮ್ಮ ಕಡೆಯವರಿಗೆ ಹೊಸ ವಿಷಯವೇನಲ್ಲ. ಅದರ ಮೇಲೆ ಬರೆದದ್ದನ್ನು ಹುಡುಕಿ ತೆಗೆಯೋದೇ ಕಷ್ಟ. ಆ ನೆಪದಲ್ಲಿ ಹದಿನೈದು ದಿನ, ವೈದ್ಯಕೀಯ ಲೇಖನ ಹುಡುಕುವ ಜಾಲತಾಣ ಪಬ್‌ಮೆಡ್ ಜೊತೆ ಕೂತೆ. ಅದರ ರಿವ್ಯೂ ಇದು.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಸೇವೆ. ಪೂರ್ತಿ ಉಚಿತ. 3.5 ಕೋಟಿಗೂ ಜಾಸ್ತಿ ದಾಖಲೆ. ನಮ್ಮ ಕಾಲೇಜಿನ ಮಂದ ಇಂಟರ್‌ನೆಟ್‌ನಲ್ಲೂ ಓಡುತ್ತದೆ.

ಆದರೆ ಎಡಗಡೆಯ ಫಿಲ್ಟರ್‌ಗಳಲ್ಲಿ ವಯಸ್ಸು ಇದೆ, ಲಿಂಗ ಇದೆ, ಭಾಷೆ ಇದೆ. ದೇಶ ಮಾತ್ರ ಇಲ್ಲ. ಮೆಶ್ ಅಂತ ಅದರದೇ ವಿಷಯಸೂಚಿ ಒಂದಿದೆ, ಅದರಲ್ಲಿ ಇಂಡಿಯಾ ಸಿಗುತ್ತದೆ. ಅಮೆರಿಕದ ರಾಜ್ಯಗಳಿಗೆಲ್ಲ ಅಲ್ಲಿ ಒಂದೊಂದು ಹೆಸರಿದೆ, ಕರ್ನಾಟಕಕ್ಕೆ ಇಲ್ಲ. ಇನ್ನು ಕೊಪ್ಪಳದ ಮಾತೆಲ್ಲಿ? ಅದೂ ಅಲ್ಲದೆ, ಪಬ್‌ಮೆಡ್‌ನಲ್ಲಿರುವ ಎಲ್ಲ ಲೇಖನಕ್ಕೂ ಮೆಶ್ ಪಟ್ಟಿ ಅಂಟಿಸಿರುವುದಿಲ್ಲ. ಹಾಗಾಗಿ ಊರಿನ ಫಿಲ್ಟರನ್ನು, ಅಂದರೆ ಊರ ಹೆಸರುಗಳನ್ನೆಲ್ಲ ಜೋಡಿಸಿದ ಒಂದು ಹುಡುಕು ಸಾಲನ್ನು, ನಾವೇ ಕಟ್ಟಿಕೊಳ್ಳಬೇಕು.

ಸುಮ್ನೆ ಇಂಡಿಯಾ ಅಂತ ಕೊಟ್ಟು ಮುಂದೆ ನಕ್ಷತ್ರ ಚಿಹ್ನೆ (ಹಾಗೆ ಶುರುವಾಗುವ ಪದಗಳೆಲ್ಲ ಬೇಕು ಅನ್ನೋ ಗುರುತು) ಹಾಕಿದರೆ ಇಂಡಿಯಾನಾ, ಇಂಡಿಯಾನಾಪೊಲಿಸ್ ಎಲ್ಲಾ ಬರುತ್ತವೆ. ಫಂಗಸ್ ನೋಡಲು ಬಳಸುವ ಇಂಡಿಯಾ ಇಂಕ್ ಬರುತ್ತದೆ. ಮೂಳೆಯ ವಿಷಯವಾದರೆ ಇನ್ನೂ ಮಜಾ. ಇಂಡಿಯನ್ ಹೆಡ್ಜ್‌ಹಾಗ್ ಅಂತ ಒಂದು ಜೀನ್ ಇದೆ, ಮೂಳೆ ಬೆಳವಣಿಗೆಗೆ ಸಂಬಂಧಿಸಿದ್ದು. ಹೆಸರು ಬಿಟ್ಟರೆ ಆ ಲೇಖನಗಳಿಗೂ ಭಾರತಕ್ಕೂ ಸಂಬಂಧ ಇರಬೇಕೆಂದೇನಿಲ್ಲ.

ಬಳ್ಳಾರಿದು ಬೇರೆಯೇ ಕಥೆ. ಇಂಗ್ಲಿಷ್ ಸ್ಪೆಲಿಂಗ್ ಬದಲಾದದ್ದು 2014ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚಿನದೆಲ್ಲ ಬೆಲ್ಲಾರಿ. ಸರಿ ಅಂತ ಬೆಲ್ಲಾರಿಯನ್ನು ಲೇಖಕರ ವಿಳಾಸದಲ್ಲಿ ಹುಡುಕಿದೆ. ಬಂದವರು ಬೆಂಗಳೂರಿನವರು! ಹೆಬ್ಬಾಳ, ಜಿಕೆವಿಕೆ ಕಡೆಯ ಸಂಸ್ಥೆಗಳೆಲ್ಲ ಬಳ್ಳಾರಿ ರಸ್ತೆಯಲ್ಲೇ ಇವೆ, ಅಲ್ವಾ? ಬೆಲ್ಲಾರಿ ಬೇಕು, ಬೆಲ್ಲಾರಿ ರೋಡ್ ಬೇಡ ಅಂತ ಬರೆಯಬೇಕಾಯಿತು. ಚಿಕಿತ್ಸೆಯ ಮಾರ್ಗಸೂಚಿ ತಯಾರಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯವರು ತಮ್ಮ ದೇಶಕ್ಕೆ ಇಂಥದ್ದೇ ಫಿಲ್ಟರ್ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಅವರಿಗೂ ಇದೇ ಪಾಡು. ಯಾರ್ಕ್ ಬೇಕು, ನ್ಯೂಯಾರ್ಕ್ ಬೇಡ. ಓದಿ ಸ್ವಲ್ಪ ಸಮಾಧಾನ ಆಯಿತು.

ಹಳೆಯ ಲೇಖನ ಬೇಕಾದರೆ ಇತಿಹಾಸವೂ ಗೊತ್ತಿರಬೇಕು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೆ ಮುಂಚೆ ರಾಯಚೂರು ಜಿಲ್ಲೆ. 1956ಕ್ಕಿಂತ ಹಿಂದೆ ಎರಡೂ ಹೈದರಾಬಾದ್ ರಾಜ್ಯ. ಹೈದರಾಬಾದ್ ಅಂತ ಕೊಟ್ಟಿರೋ, ಪಾಕಿಸ್ತಾನದ ಹೈದರಾಬಾದೂ ಬಂತು. 1973ರವರೆಗೆ ಕರ್ನಾಟಕಕ್ಕೆ ಮೈಸೂರು ಅಂತಲೇ ಹೆಸರು. ಗಂಗಾವತಿ, ಸಿಂಧನೂರು, ಲಿಂಗಸುಗೂರು, ಇವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಂದು ಹೆಚ್, ಒಂದು ಎ ಆಚೆ ಈಚೆ ಆದರೂ ಲೇಖನ ಕೈತಪ್ಪುತ್ತದೆ.

ವಿಳಾಸವನ್ನೇ ಪೂರ್ತಿ ನಂಬೋ ಹಾಗೂ ಇಲ್ಲ. 2014ಕ್ಕೆ ಮುಂಚಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುತ್ತದೆ. ಕೊಪ್ಪಳದ ಹಳ್ಳಿಯಲ್ಲಿ ಹಲ್ಲು ನೋಡಿದವರು ದಾವಣಗೆರೆಯಲ್ಲಿ ಕೂತು ಬರೆದಿರಬಹುದು. ಅದಕ್ಕೇ ಶೀರ್ಷಿಕೆ, ಸಾರಾಂಶ, ವಿಳಾಸ ಮೂರರಲ್ಲೂ ಹುಡುಕಿಸಿದೆ.

ಫಿಲ್ಟರ್ ಕೆಲಸ ಮಾಡುತ್ತದೋ ಇಲ್ಲವೋ ನೋಡೋದು ಹೇಗೆ? ಹಳೆಯ ಥೀಸಿಸ್‌ಗಳ ಕೊನೆಯ ಪುಟ ಕೆದಕಿ, ನಮ್ಮ ಕಡೆಯದೇ ಅಂತ ಖಾತ್ರಿ ಇದ್ದ 20 ಲೇಖನ ಹುಡುಕಿದೆವು. ಪಬ್‌ಮೆಡ್‌ನಲ್ಲಿ ಪ್ರತಿ ಲೇಖನಕ್ಕೂ ಒಂದು ನಂಬರ್ ಇರುತ್ತದೆ. ಆ 20 ನಂಬರ್ ಹಾಕಿ, ಮುಂದೆ ನಾಟ್ ಅಂತ ಬರೆದು, ನಮ್ಮ ಫಿಲ್ಟರ್ ಅಂಟಿಸಿ ಎಂಟರ್ ಒತ್ತಿದೆ. ಫಿಲ್ಟರಿನ ಕಣ್ಣು ತಪ್ಪಿಸಿದವು ಮಾತ್ರ ಉಳಿಯುತ್ತವೆ, ಜರಡಿ ಹಿಡಿದ ಹಾಗೆ. ಎರಡು ಉಳಿದವು. ಒಂದರಲ್ಲಿ ಗಂಗಾವತಿಯ ಸ್ಪೆಲಿಂಗ್ ನಾನು ಊಹಿಸಿಯೇ ಇರಲಿಲ್ಲ. ನನ್ನದೇ ತಪ್ಪು, ಸೇರಿಸಿದೆ. ಇನ್ನೊಂದರ ಸಾರಾಂಶದಲ್ಲಿ ಊರೇ ಇಲ್ಲ, ದಕ್ಷಿಣ ಭಾರತದ ಒಂದು ಹಳ್ಳಿ ಅಂತಷ್ಟೇ. ಅದಕ್ಕೆ ಯಾವ ಫಿಲ್ಟರೂ ಏನೂ ಮಾಡಲಾರದು. ಬರೆಯುವವರು ಊರ ಹೆಸರು ಹಾಕಿದರೆ ಏನು ಗಂಟು ಹೋಗುತ್ತೋ!

ನನಗೆ ತುಂಬಾ ಹಿಡಿಸಿದ್ದು ಮೈ ಎನ್‌ಸಿಬಿಐ, ಅಂದರೆ ಪಬ್‌ಮೆಡ್‌ನಲ್ಲಿ ನಾವು ತೆರೆಯಬಹುದಾದ ಸ್ವಂತ ಖಾತೆ. ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಅಲ್ಲಿ ಉಳಿಸಿಟ್ಟರೆ ಲಾಗಿನ್ ಆದಾಗೆಲ್ಲ ಎಡಗಡೆ ನಮ್ಮದೇ ಫಿಲ್ಟರ್ ಕಾಣುತ್ತದೆ. ಒಂದು ಟಿಕ್ ಹಾಕಿದರೆ ಮುಗೀತು. ಹುಡುಕಾಟವನ್ನೂ ಸೇವ್ ಮಾಡಿದರೆ ಹೊಸ ಲೇಖನ ಬಂದಾಗ ಇಮೇಲ್ ಬರುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ದೇಶದ ಫಿಲ್ಟರ್ ಇಲ್ಲದ್ದಕ್ಕೆ ಒಂದು ಕಡಿಮೆ.

ಫಿಲ್ಟರನ್ನು ಡಾಕ್ಟರಮ್ಮನಿಗೆ ಕಳಿಸಿದೆ. ಮರುದಿನ ಫೋನ್ ಬಂತು. "ಸರ್, ಎಲ್ಲಾ ಚಲೋ ಐತ್ರಿ. ಆದ್ರ ನಮ್ಮ ಕುಷ್ಟಗೀನ ಬಿಟ್ಟೀರಲ್ರೀ!"