ಬೂದಿ ರೋಗಕ್ಕೆ ಬೇವಿನ ಎಣ್ಣೆ: ಯಾವ ಬಾಟಲಿ, ಯಾವ ಬೆಳೆಗೆ?

ಗೊಬ್ಬರದಂಗಡಿಯಲ್ಲಿ ಬೇವಿನ ಔಷಧಿ ಕೇಳಿದರೆ 300, 1500, 10000 ಪಿಪಿಎಂ ಬಾಟಲಿಗಳು ಮುಂದೆ ಬರುತ್ತವೆ. ಅಂಕಿ ದೊಡ್ಡದಾದಷ್ಟೂ ಬೆಲೆಯೂ ಏರುತ್ತದೆ. ಹುಳಕ್ಕೆ ಹೊಡೆಯುವವರಿಗೆ ಆ ಲೆಕ್ಕ ಸರಿ, ಎಲೆಯ ಮೇಲೆ ಬಿಳಿ ಹಿಟ್ಟಿನಂತೆ ಶಿಲೀಂಧ್ರ ಹಬ್ಬುವ ಬೂದಿ ರೋಗಕ್ಕಲ್ಲ. ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಹೇಳುವುದು ಬೇವಿನ ಅಜಾಡಿರಾಕ್ಟಿನ್ ಎಷ್ಟಿದೆ ಎಂದು. ಅದು ಹುಳ ಮೇಯದಂತೆ, ಪೊರೆ ಬಿಡದಂತೆ ಮಾಡುವ ವಸ್ತು. ಬೂದಿಯನ್ನು ಹಿಡಿಯುವುದು ಮುಖ್ಯವಾಗಿ ಎಣ್ಣೆಯೇ: ಎಲೆಯ ಮೇಲೆ ಹಬ್ಬಿದ ಬಿಳಿ ಎಳೆಗಳಿಗೂ ಬೀಜಕಣಗಳಿಗೂ ಅದು ಮೆತ್ತಿಕೊಳ್ಳಬೇಕು. ಆದ್ದರಿಂದ ‘ಬೇವಿನ ಎಣ್ಣೆ ಆಧಾರಿತ’ ಎಂದು ಲೇಬಲ್ ಮೇಲಿರುವ 300 ಪಿಪಿಎಂ ಬಾಟಲಿಯೇ ಸಾಕು.

ಬೆಂಡೆ, ಸೌತೆ, ಕುಂಬಳ, ಬಟಾಣಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಶಿಲೀಂಧ್ರ ಎಲೆಯ ಹೊರಮೈಯಲ್ಲೇ ಬೆಳೆಯುತ್ತದೆ. ಮೆಣಸಿನಗಿಡದ ಬೂದಿ ರೋಗದ ಕಥೆಯೇ ಬೇರೆ. ಅದು ಎಲೆಯೊಳಗೆ ಬೇರೂರಿ, ಕೊನೆಗೆ ಕೆಳಮೈಯಲ್ಲಿ ಬಿಳಿಯಾಗಿ ಹೊರಬರುತ್ತದೆ. ಆ ಹೊತ್ತಿಗೆ ಎಣ್ಣೆ ಹೊಡೆದರೆ ಎಲೆ ಉದುರುವುದು ನಿಲ್ಲದು. ಟೊಮೆಟೊ, ಆಲೂಗಡ್ಡೆಯ ಎಲೆ ಕರಟಿಸುವ ಅಂಗಮಾರಿ ರೋಗಕ್ಕೆ ಇದನ್ನು ನಂಬಿ ಕೂತರೆ ಮೋಡ ಮುಸುಕಿದ ನಾಲ್ಕೈದು ದಿನದಲ್ಲಿ ತೋಟ ಕೈತಪ್ಪುತ್ತದೆ.

ಪ್ರಮಾಣ ಲೀಟರಿಗೆ 5 ಮಿಲಿ, ಅಂದರೆ 15 ಲೀಟರಿನ ಟ್ಯಾಂಕಿಗೆ 75 ಮಿಲಿ. ಮೊದಲು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎಣ್ಣೆ ಹಾಕಿ, ಹಾಲಿನಂತೆ ಬೆಳ್ಳಗಾಗುವವರೆಗೆ ಕಲಕಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ. ಗಾಣದ ಎಣ್ಣೆಯಾದರೆ ಅದರಲ್ಲಿ ಎಣ್ಣೆಯನ್ನು ನೀರಿಗೆ ಬೆರೆಸುವ ದ್ರವ ಇರುವುದಿಲ್ಲ, ಲೀಟರ್ ನೀರಿಗೆ 1 ಮಿಲಿ ದ್ರವ ಸೋಪು ಸೇರಿಸಲೇಬೇಕು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಒಡೆದು ಕೆನೆಗಟ್ಟುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಆಗ ಟ್ಯಾಂಕಿನ ಮೊದಲ ಭಾಗ ಬರೀ ನೀರು, ಕೊನೆಯ ಸಾಲಿನ ಗಿಡಕ್ಕೆ ಬರೀ ಎಣ್ಣೆ! ಕೊನೆಯ ಸಾಲು ಮಾತ್ರ ಸುಟ್ಟಿದೆ ಎಂದರೆ ಬೈಯಬೇಕಾದ್ದು ಔಷಧಿಯನ್ನಲ್ಲ, ಬೆರೆಸಿದ್ದನ್ನು. ಮಳೆನೀರು ಸಿಕ್ಕರೆ ಅದನ್ನೇ ಬಳಸಿ. ಚಳಿಯಲ್ಲಿ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಡಿ, ಒಲೆಯ ಮೇಲಲ್ಲ.

ಹೊಡೆಯಬೇಕಾದ್ದು ಮೊದಲ ಬಿಳಿ ಚುಕ್ಕೆ ಕಂಡಾಗ. ಎಲೆಯೆಲ್ಲಾ ಹಿಟ್ಟು ಚೆಲ್ಲಿದಂತಾದ ಮೇಲೆ ಪ್ರಯೋಜನ ಕಡಿಮೆ. ಎಲೆಯ ಎರಡೂ ಮೈ ನೆನೆಯಬೇಕು, 7ರಿಂದ 10 ದಿನಕ್ಕೆ ಮತ್ತೊಮ್ಮೆ ಬೇಕು, ಹೊಸ ಚಿಗುರಿಗೆ ಹಳೆಯ ಲೇಪ ತಲುಪುವುದಿಲ್ಲವಲ್ಲ. ಸಂಜೆಯೇ ಸರಿಯಾದ ಹೊತ್ತು: ಬಿಸಿಲಿಗೆ ಎಲೆ ಸುಡುವುದಿಲ್ಲ, ಜೇನ್ನೊಣಕ್ಕೂ ತೊಂದರೆ ಕಡಿಮೆ. ಸೌತೆಯ ಎಲೆ ನಾಜೂಕು, ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ಕಾದು ನೋಡಿ.

ಖರ್ಚು ನೋಡಿದರೆ ನೀರಿನಲ್ಲಿ ಬೆರೆಯುವ ಗಂಧಕವೇ ಅಗ್ಗ, ರೋಗದ ಮೇಲೂ ಗಟ್ಟಿ. ಬೇವಿಗೆ ದುಡ್ಡು ಹಾಕುವುದು ಸಾರ್ಥಕವಾಗುವುದು ದಿನ ಬಿಟ್ಟು ದಿನ ಕೊಯ್ಯುವ ಬೆಂಡೆಯಂಥ ಬೆಳೆಯಲ್ಲಿ, ಅದರಲ್ಲೂ ಬಿಳಿನೊಣವೂ ಜೊತೆಗಿದ್ದಾಗ. ಎರಡನ್ನೂ ಕೈಯಲ್ಲಿಟ್ಟುಕೊಂಡವರು ಒಂದರ ಬೆನ್ನಿಗೇ ಇನ್ನೊಂದನ್ನು ಹೊಡೆಯಬಾರದು. ಎಣ್ಣೆ ಇರುವ ಎಲೆಗೆ ಗಂಧಕ ಬಿದ್ದರೆ ಸುಡುತ್ತದೆ, ನಡುವೆ ಎರಡು ವಾರ ಬಿಡಿ.