28 ಲೀಟರಿನ ಒಟಿಜಿ: ಕೇಕು, ನಾನ್‌ಖಟಾಯಿ, ದಿಲ್‌ಪಸಂದ್ ಮಾಡುವವರಿಗೆ ಎಷ್ಟು ಒದಗುತ್ತದೆ?

ಒಟಿಜಿ, ಅಂದರೆ ಅವನ್ ಟೋಸ್ಟರ್ ಗ್ರಿಲ್ಲರ್ ಎಂಬ ಕರೆಂಟಿನ ಒಲೆ, ಕೊಳ್ಳಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ವರ್ಷಗಟ್ಟಲೆ ಬಳಸಿದ ಮೇಲೆ ಆ ಪ್ರಶ್ನೆಯ ತೂಕ ಕಡಿಮೆಯಾಗುತ್ತದೆ. 25ರಿಂದ 30 ಲೀಟರಿನ ಒಟಿಜಿಗಳ ಒಳರಚನೆ ಹೆಚ್ಚುಕಡಿಮೆ ಒಂದೇ: ಮೇಲೆ ಎರಡು ರಾಡು, ಕೆಳಗೆ ಎರಡು ರಾಡು, ತೆಳು ತಗಡಿನ ಗೋಡೆ, ಗಾಜಿನ ಬಾಗಿಲು, ಬಲಗಡೆ ಮೂರು ನಾಲ್ಕು ನಾಬು. ಕೇಕು ಚೆನ್ನಾಗಿ ಬರುತ್ತದೋ ಇಲ್ಲವೋ ಎನ್ನುವುದು ಆ ಪೆಟ್ಟಿಗೆಯೊಳಗಿನ ನಿಜವಾದ ಶಾಖ ಎಷ್ಟೆಂದು ನಿಮಗೆ ಗೊತ್ತಿದೆಯೇ ಎಂಬುದರ ಮೇಲೆ ನಿಂತಿದೆ. ಇಲ್ಲಿ ಹೇಳುತ್ತಿರುವುದು 28 ಲೀಟರಿನ, 1600 ವ್ಯಾಟಿನ, ಒಳಗಿನ ಬಿಸಿಗಾಳಿಯನ್ನು ಸುತ್ತಿಸುವ ಫ್ಯಾನ್ ಇರುವ ಮಧ್ಯಮ ದರದ ಒಂದು ಒಟಿಜಿಯ ಬಗ್ಗೆ. ಮನೆಮಂದಿಗೆ, ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ನೆಂಟರು ಸೇರುವ ದಿನಕ್ಕೆ ಸಿಹಿ ಮಾಡುವುದೇ ಇದರ ಮುಖ್ಯ ಕೆಲಸ.

ಮೊದಲು ಕರೆಂಟಿನ ಮಾತು. 230 ವೋಲ್ಟಿನಲ್ಲಿ 1600 ವ್ಯಾಟ್ ಎಂದರೆ ಸುಮಾರು 7 ಆಂಪಿಯರ್. ಆದ್ದರಿಂದ ಮಿಕ್ಸಿಗೆ ಬಳಸುವ 6 ಆಂಪಿಯರಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸಬಾರದು, 16 ಆಂಪಿಯರಿನ ದೊಡ್ಡ ಪ್ಲಗ್ ಪಾಯಿಂಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ವೋಲ್ಟೇಜು ಇಳಿದರೆ ಶಾಖ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. 230ರ ಬದಲು 200 ವೋಲ್ಟ್ ಬಂದರೆ ರಾಡಿನ ಶಕ್ತಿ ಮುಕ್ಕಾಲು ಪಾಲಿಗೆ ಬಂದು ನಿಲ್ಲುತ್ತದೆ, 1600 ವ್ಯಾಟಿನದು 1200ರ ಹಾಗೆ ದುಡಿಯುತ್ತದೆ. ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಸಂಜೆ ಹೊತ್ತು ಕೇಕು ಬೇಯಲು ಹದಿನೈದು ನಿಮಿಷ ಹೆಚ್ಚು ಹಿಡಿಯುವುದು ಇದರಿಂದಲೇ. ಬೆಳಿಗ್ಗೆ ಬೇಯಿಸಿಕೊಳ್ಳುವುದು ಲೇಸು. ಮುಂಚಿತವಾಗಿ ಕಾಯಿಸುವುದೂ ಸೇರಿ ಒಂದು ಕೇಕಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಖರ್ಚಾಗುತ್ತದೆ. ಮನೆಯ ಸಾಮಾನ್ಯ ಯುಪಿಎಸ್ ಇದನ್ನು ಎಳೆಯುವುದಿಲ್ಲ.

ಈಗ ಅಸಲು ವಿಷಯ. ನಾಬು 180 ಎಂದರೆ ಒಳಗೆ 180 ಇರುತ್ತದೆ ಎಂದು ನಂಬಬೇಡಿ. ಈ ಒಟಿಜಿಯಲ್ಲಿ ನಾಬನ್ನು 180ಕ್ಕೆ ಇಟ್ಟರೆ ತಟ್ಟೆಯ ಮಟ್ಟದಲ್ಲಿ 160-165 ಡಿಗ್ರಿ ಮಾತ್ರ ಸಿಗುತ್ತದೆ. ಇನ್ನೊಂದರಲ್ಲಿ ಇದೇ ವ್ಯತ್ಯಾಸ ಮೇಲ್ಮುಖವಾಗಿಯೂ ಇರಬಹುದು. ಥರ್ಮೋಸ್ಟಾಟ್ ಬಹಳಷ್ಟು ಮಾದರಿಗಳಲ್ಲಿ ನಾಬಿನ ಹಿಂದೆ, ಪಕ್ಕದ ಕೋಣೆಯಲ್ಲಿ ಕೂತಿರುತ್ತದೆ. ಅಲ್ಲಿಯ ಎರಡು ಲೋಹದ ಪಟ್ಟಿ ಬಿಸಿಗೆ ಬಾಗಿ ಕರೆಂಟು ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಹಾಗಾಗಿ ಶಾಖ ಒಂದೇ ಕಡೆ ನಿಲ್ಲದೆ ಹತ್ತಿಪ್ಪತ್ತು ಡಿಗ್ರಿ ಏರಿಳಿಯುತ್ತಲೇ ಇರುತ್ತದೆ. ಒಂದರ ಹಿಂದೊಂದು ಮೂರು ತಟ್ಟೆ ಬೇಯಿಸಿದಾಗ ಆ ಪಕ್ಕದ ಕೋಣೆಯೇ ಕಾದುಹೋಗಿ ಥರ್ಮೋಸ್ಟಾಟ್ ಬೇಗ ಬೇಗ ಕಡಿಯತೊಡಗುತ್ತದೆ. ಮೂರನೆಯ ತಟ್ಟೆಯ ಬಿಸ್ಕತ್ತು ಬಿಳಿಚಿಕೊಂಡಿದ್ದರೆ ಕಾರಣ ಹಿಟ್ಟಿನಲ್ಲಿಲ್ಲ. ನಾಬನ್ನು ಹತ್ತು ಡಿಗ್ರಿ ಏರಿಸಿ.

ಅವನ್ ಥರ್ಮಾಮೀಟರ್ ಒಂದನ್ನು ಕೊಳ್ಳಿ. ಒಟಿಜಿಯ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಕೇಕಿನ ಟಿನ್ನು ಕೂರುವ ಮಟ್ಟದಲ್ಲಿ, ಜಾಲರಿಯ ನಟ್ಟನಡುವೆ ಇಟ್ಟು, ರಾಡು ನಾಲ್ಕೈದು ಸಲ ಹೊತ್ತಿ ಆರುವವರೆಗೂ ಕಾದು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನು ಬರೆದುಕೊಂಡು ನಡುವಿನದನ್ನು ತೆಗೆದುಕೊಳ್ಳಬೇಕು. 140, 160, 180, 200 ಈ ನಾಲ್ಕಕ್ಕೂ ಹೀಗೆ ಮಾಡಿ ಒಂದು ಚೀಟಿ ಅಂಟಿಸಿಕೊಂಡರೆ ಮುಂದೆ ಯಾರ ಅಳತೆ ಓದಿದರೂ ನಿಮ್ಮ ನಾಬಿಗೆ ಹೊಂದಿಸಿಕೊಳ್ಳಬಹುದು. ಥರ್ಮಾಮೀಟರ್ ಸಿಗದಿದ್ದರೆ ಸಕ್ಕರೆಯೇ ಸಾಕು. ಸಕ್ಕರೆ ಕರಗುವುದು 186 ಡಿಗ್ರಿಯ ಆಸುಪಾಸಿನಲ್ಲಿ. ಚೆನ್ನಾಗಿ ಕಾದ ಒಟಿಜಿಯಲ್ಲಿ ಒಂದು ಚಮಚ ಸಕ್ಕರೆಯನ್ನು ಫಾಯಿಲ್ ಮೇಲೆ ಹರಡಿ ಹದಿನೈದು ನಿಮಿಷ ಇಡಿ. ನಾಬು 175ರಲ್ಲಿದ್ದಾಗ ಕರಗಿದರೆ ನಿಮ್ಮದು ಹೆಚ್ಚು ಬಿಸಿ. 190ರಲ್ಲೂ ಕರಗದಿದ್ದರೆ ಕಡಿಮೆ ಬಿಸಿ. ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಕಡಿಮೆ ಶಾಖದಲ್ಲೂ ಸಕ್ಕರೆ ನಿಧಾನವಾಗಿ ಬಣ್ಣ ತಿರುಗುವುದರಿಂದ ಪರೀಕ್ಷೆ ಕೆಡುತ್ತದೆ.

ಕಾಯಿಸಲು ಹತ್ತು ನಿಮಿಷ ಎಂದು ಕೈಪಿಡಿಯಲ್ಲಿ ಇದ್ದರೂ ಹದಿನೈದು ಬೇಕು. ದೀಪ ಮೊದಲ ಸಲ ಆರಿದ ಕೂಡಲೇ ಹಿಟ್ಟು ಒಳಗಿಡಬೇಡಿ. ಆಗ ಗಾಳಿ ಕಾದಿರುತ್ತದೆಯೇ ಹೊರತು ಗೋಡೆ ಕಾದಿರುವುದಿಲ್ಲ. ಬಾಗಿಲು ತೆರೆದೊಡನೆ ಬಿಸಿಗಾಳಿಯೆಲ್ಲ ಹೊರಬಿದ್ದು ಕೇಕು ತಣ್ಣನೆಯ ಪೆಟ್ಟಿಗೆಯಲ್ಲಿ ಕೂರುತ್ತದೆ.

ಮೊಟ್ಟೆಯಿಲ್ಲದ ಮೊಸರಿನ ಕೇಕೇ ಈ ಒಟಿಜಿಯ ಒಳ್ಳೆಯ ಪರೀಕ್ಷೆ. 190 ಗ್ರಾಂ ಮೈದಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ, ಚಿಟಿಕೆ ಉಪ್ಪು, ಇವನ್ನು ಎರಡು ಸಲ ಜರಡಿ ಹಿಡಿಯಿರಿ. ಒಂದು ಕಪ್ ಗಟ್ಟಿ ಮೊಸರಿಗೆ 150 ಗ್ರಾಂ ಪುಡಿ ಸಕ್ಕರೆ, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಒಂದು ಟೀ ಚಮಚ ವೆನಿಲಾ ಸೇರಿಸಿ ಸಕ್ಕರೆ ಕರಗುವ ತನಕ ಕಲೆಸಿ. ಎರಡನ್ನೂ ಕೂಡಿಸಿದ ಮೇಲೆ ಹಿಟ್ಟಿನ ಬಿಳಿ ಗೆರೆ ಮಾಯವಾಗುವಷ್ಟೇ ತಿರುವಿ, ಕೂಡಲೇ 7 ಅಂಗುಲದ ಟಿನ್ನಿಗೆ ಸುರಿದು, ಕೆಳಗಿನಿಂದ ಎರಡನೆಯ ಹಂತದಲ್ಲಿ ಇಡಬೇಕು. ಮೇಲಿನ ರಾಡು, ಕೆಳಗಿನ ರಾಡು ಎರಡೂ ಹೊತ್ತಿರಲಿ, ಫ್ಯಾನ್ ಬೇಡ. ನಿಜವಾದ 175 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಮೊಸರು ಮತ್ತು ಸೋಡಾ ಕೂಡಿದ ಕ್ಷಣದಿಂದಲೇ ಗಾಳಿಗುಳ್ಳೆ ಹುಟ್ಟಿ ಹೊರಹೋಗತೊಡಗುತ್ತವೆ. ಹಿಟ್ಟು ಕಲೆಸಿಟ್ಟು ಒಟಿಜಿ ಕಾಯಲಿ ಎಂದು ಕೂತರೆ ಕೇಕು ಇಡ್ಲಿಯಷ್ಟೂ ಉಬ್ಬುವುದಿಲ್ಲ.

ಕೆಟ್ಟ ಕೇಕನ್ನು ನೋಡಿದರೆ ಕಾರಣ ತಿಳಿಯುತ್ತದೆ. ಮೇಲ್ಭಾಗ ಗೋಪುರದಂತೆ ಎದ್ದು ಬಿರಿದಿದ್ದರೆ ಶಾಖ ಜಾಸ್ತಿ: ಅಂಚು ಬೇಗ ಗಟ್ಟಿಯಾಗಿ ನಡುವಿನ ಹಿಟ್ಟು ಮೇಲಕ್ಕೆ ನುಗ್ಗಿದೆ. ನಡು ಕುಸಿದಿದ್ದರೆ ಮೊದಲ 25 ನಿಮಿಷದೊಳಗೆ ಬಾಗಿಲು ತೆರೆದಿದ್ದೀರಿ, ಅಥವಾ ಸೋಡಾ ಹೆಚ್ಚಾಗಿದೆ, ಅಥವಾ ಬೇಯುವ ಮೊದಲೇ ತೆಗೆದಿದ್ದೀರಿ. ತಳದಲ್ಲಿ ಅಂಟಂಟಾದ ಪದರ ನಿಂತಿದ್ದರೆ ಹೆಚ್ಚು ಕಲೆಸಿದ್ದು ಅಥವಾ ಮೊಸರು ನೀರಾಗಿದ್ದು. ಸೋಪಿನಂಥ ರುಚಿ ಬಂದರೆ ಮೊಸರಿನ ಹುಳಿ ಸೋಡಾಕ್ಕೆ ಸಾಲಲಿಲ್ಲ ಎಂದೇ ಅರ್ಥ. ಬೆಳಿಗ್ಗೆ ಹೆಪ್ಪಾದ ಸಿಹಿಮೊಸರಿನ ಬದಲು ಹಿಂದಿನ ದಿನದ ಮೊಸರು ಬಳಸಿ. ಊರಿನ ಎತ್ತರವೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಮಡಿಕೇರಿ ಇನ್ನೂ ಎತ್ತರ. ಮಂಗಳೂರಿನಲ್ಲಿ ಕೂಡಿಬಂದ ಅಳತೆ ಅಲ್ಲಿ ಮೇಲೆದ್ದು ಕುಸಿದರೆ ಬೇಕಿಂಗ್ ಪೌಡರನ್ನು ಒಂದೆರಡು ಚಿಟಿಕೆ ಕಡಿಮೆ ಮಾಡಿ ನೋಡಿ.

ಟಿನ್ನಿನ ಬಗ್ಗೆ ಅಂಗಡಿಯವರು ಹೇಳುವುದಿಲ್ಲ. ಬೆಳ್ಳನೆಯ ಅಲ್ಯೂಮಿನಿಯಂ ಟಿನ್ನೇ ಒಟಿಜಿಗೆ ಸರಿ. ಕಪ್ಪು ನಾನ್‌ಸ್ಟಿಕ್ ಟಿನ್ನು ರಾಡಿನ ಶಾಖವನ್ನು ಹೀರಿ ಅಂಚನ್ನು ಸುಡುತ್ತದೆ. ಅದೇ ಇದ್ದರೆ 10-15 ಡಿಗ್ರಿ ಇಳಿಸಿ. ಟಿನ್ನಿನ ಸುತ್ತ ಎಲ್ಲ ಕಡೆ ಒಂದಂಗುಲವಾದರೂ ಜಾಗ ಬಿಡಬೇಕು. ಈ ಗಾತ್ರಕ್ಕೆ 8 ಅಂಗುಲದ್ದು ನೆಮ್ಮದಿಯಾಗಿ ಕೂರುತ್ತದೆ. 9ರದ್ದು ಹಿಡಿಸಿದರೂ ಗಾಳಿಯಾಡುವುದಿಲ್ಲ. ಇನ್ನೊಂದು ಕೊರತೆ, ಬಾಗಿಲ ಕಡೆ ಯಾವಾಗಲೂ ತಂಪು, ಹಿಂದಿನ ಬಲಮೂಲೆ ಯಾವಾಗಲೂ ಬಿಸಿ. ಮೂರರಲ್ಲಿ ಎರಡು ಪಾಲು ಸಮಯ ಕಳೆದ ಮೇಲೆ ಟಿನ್ನನ್ನು ಅರ್ಧ ಸುತ್ತು ತಿರುಗಿಸದೆ ಇದರಲ್ಲಿ ಸಮನಾದ ಬಣ್ಣ ಬರುವುದಿಲ್ಲ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಮುಚ್ಚಿ. ಅದು ರಾಡಿಗೆ ತಾಗದಂತೆ ನೋಡಿಕೊಳ್ಳಿ.

ಅಯ್ಯಂಗಾರ್ ಬೇಕರಿಯ ಹನಿ ಕೇಕು ಮನೆಯಲ್ಲಿ ಬರುವುದಿಲ್ಲ ಎಂಬ ಮಾತು ಸುಳ್ಳು. ಮೇಲಿನ ಕೇಕನ್ನೇ 8 ಅಂಗುಲದ ಚೌಕ ಟಿನ್ನಿನಲ್ಲಿ ಬೇಯಿಸಿ. ತೆಳ್ಳಗಿರುವುದರಿಂದ 28-30 ನಿಮಿಷ ಸಾಕು. ಅರ್ಧ ಕಪ್ ನೀರಿಗೆ ಎರಡು ಚಮಚ ಸಕ್ಕರೆ ಹಾಕಿ ಕುದಿಸಿ ಇಳಿಸಿ, ಬೆಚ್ಚಗಾದ ಮೇಲೆ ಮೂರು ಚಮಚ ಜೇನು ಬೆರೆಸಿ. ಕೇಕು ಇನ್ನೂ ಬೆಚ್ಚಗಿರುವಾಗಲೇ ಟೂತ್‌ಪಿಕ್‌ನಿಂದ ಅರ್ಧ ಅಂಗುಲಕ್ಕೊಂದು ತೂತು ಚುಚ್ಚಿ ಪಾಕವನ್ನು ಮೂರು ಸಲ, ನಡುವೆ ಐದು ನಿಮಿಷ ಬಿಟ್ಟು, ಚಮಚದಲ್ಲಿ ಹಾಕಬೇಕು. ಒಂದೇ ಸಲ ಸುರಿದರೆ ತಳ ಒದ್ದೆ, ಮೇಲೆ ಒಣಕಲು. ಕಾಲು ಕಪ್ ಮಿಕ್ಸೆಡ್ ಫ್ರೂಟ್ ಜಾಮನ್ನು ಒಂದು ಚಮಚ ನೀರು ಹಾಕಿ ಬಿಸಿಮಾಡಿ ತೆಳ್ಳಗೆ ಸವರಿ, ಒಣಕೊಬ್ಬರಿ ಪುಡಿ ಉದುರಿಸಿ. ಹಸಿ ತೆಂಗಿನತುರಿ ಬೇಡ, ಸಂಜೆಯೊಳಗೆ ಹಳಸುತ್ತದೆ. ಎರಡಂಗುಲದ ಚೌಕ ಕತ್ತರಿಸಿದರೆ 16 ತುಂಡು.

ನಾನ್‌ಖಟಾಯಿಗೆ ಈ ಒಟಿಜಿ ಹೇಳಿ ಮಾಡಿಸಿದಂತಿದೆ, ಪೂರ್ತಿ ಅಂಕ ಕೊಡುವುದು ಇಲ್ಲಿಯೇ. 100 ಗ್ರಾಂ ತುಪ್ಪ, 75 ಗ್ರಾಂ ಪುಡಿ ಸಕ್ಕರೆ, 125 ಗ್ರಾಂ ಮೈದಾ, 30 ಗ್ರಾಂ ಕಡಲೆಹಿಟ್ಟು, ಒಂದು ದೊಡ್ಡ ಚಮಚ ಚಿರೋಟಿ ರವೆ, ಅರ್ಧ ಟೀ ಚಮಚ ಏಲಕ್ಕಿ ಪುಡಿ, ಒಂದೆರಡು ಚಿಟಿಕೆ ಸೋಡಾ. ತುಪ್ಪ ಕರಗಿರಬಾರದು, ಮರಳುಮರಳಾಗಿ ಹೆಪ್ಪುಗಟ್ಟಿರಬೇಕು. ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಕರಗಿದ ತುಪ್ಪದಲ್ಲಿ ಕಲೆಸಿದ ಉಂಡೆ ತಟ್ಟೆಯ ಮೇಲೆ ಹಪ್ಪಳದಂತೆ ಹರಿದುಹೋಗುತ್ತದೆ. ತುಪ್ಪ-ಸಕ್ಕರೆಯನ್ನು ಬಿಳಿಚುವ ತನಕ ಉಜ್ಜಿ, ಹಿಟ್ಟು ಸೇರಿಸಿ, ನಾದದೆ ಒಗ್ಗೂಡಿಸಿ, ನಿಂಬೆಗಾತ್ರದ ಉಂಡೆ ಮಾಡಿ, ಎರಡಂಗುಲ ಬಿಟ್ಟು ಜೋಡಿಸಿ. ನಿಜವಾದ 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಮೇಲೆ ಕೆಂಪಾಗುವ ತನಕ ಕಾಯಬೇಡಿ. ತಳದಂಚು ತುಸು ಹೊನ್ನಬಣ್ಣಕ್ಕೆ ತಿರುಗಿದರೆ ಮುಗಿಯಿತು. ಬಿಸಿಯಲ್ಲಿ ಮೆತ್ತಗಿದ್ದು ಆರಿದ ಮೇಲೆ ಗರಿಗರಿಯಾಗುತ್ತದೆ. ಬೆಣ್ಣೆಯಲ್ಲಿ ನೀರಿನಂಶ ಇರುವುದರಿಂದ ತುಪ್ಪದ ಬದಲು ಅಷ್ಟೇ ಬೆಣ್ಣೆ ಹಾಕಿದರೆ ಬಾಯಲ್ಲಿ ಪುಡಿಯಾಗುವ ಆ ಹದ ಸಿಗುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಮೆತ್ತಗಾದ ಬಿಸ್ಕತ್ತನ್ನು 140ರಲ್ಲಿ ಆರೇಳು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಯಾಗುತ್ತದೆ.

ಫ್ಯಾನ್ ಉಪಯೋಗಕ್ಕೆ ಬರುವುದು ಬಿಸ್ಕತ್ತಿಗೆ ಮಾತ್ರ. ಅದನ್ನು ಹಾಕಿದಾಗ 10-15 ಡಿಗ್ರಿ ಇಳಿಸಬೇಕು. ಎರಡು ತಟ್ಟೆ ಒಟ್ಟಿಗೆ ಬೇಯುತ್ತವೆ ಎಂಬ ಜಾಹೀರಾತಿನ ಮಾತು ಈ ಗಾತ್ರದಲ್ಲಿ ನಡೆಯುವುದಿಲ್ಲ: ಮೇಲಿನ ತಟ್ಟೆಯ ತಲೆ ಸುಡುತ್ತದೆ, ಕೆಳಗಿನದರ ತಳ ಸುಡುತ್ತದೆ.

ತೆಂಗಿನ ಹೂರಣ ತುಂಬಿದ ಬೇಕರಿ ತಿನಿಸು ದಿಲ್‌ಪಸಂದ್ ವಿಷಯದಲ್ಲಿ ಫಲಿತಾಂಶ ಅರ್ಧಂಬರ್ಧ. ಹೂರಣದ ತೆಂಗಿನತುರಿಯನ್ನು ಸಕ್ಕರೆ ಜೊತೆ ಬಾಣಲೆಯಲ್ಲಿ ನೀರಾರುವ ತನಕ ಬಾಡಿಸಿ, ಪೂರ್ತಿ ಆರಿದ ಮೇಲೆ ಟೂಟಿ ಫ್ರೂಟಿ ಸೇರಿಸಿದರೆ ಒಳಭಾಗ ಚೆನ್ನಾಗಿಯೇ ಬರುತ್ತದೆ. ಆದರೆ ಬೇಕರಿಯ ಭಟ್ಟಿಯ ಬಿಸಿನೆಲ ಕೊಡುವ ತಳದ ಗರಿ ತೆಳು ತಟ್ಟೆಯಲ್ಲಿ ಹುಟ್ಟುವುದಿಲ್ಲ. ಮೊದಲ ಹತ್ತು ನಿಮಿಷ ಕೆಳಗಿನ ರಾಡು ಮಾತ್ರ ಹೊತ್ತಿಸಿ 200 ಡಿಗ್ರಿಯಲ್ಲಿ, ಆಮೇಲೆ ಎರಡೂ ರಾಡಿನಲ್ಲಿ ಹನ್ನೆರಡು ಹದಿನೈದು ನಿಮಿಷ ಬೇಯಿಸಿದರೆ ಹತ್ತಿರಕ್ಕೆ ಬರುತ್ತದೆ. ಕ್ರಿಸ್ಮಸ್ಸಿನ ಹಣ್ಣಿನ ಕೇಕಿಗೆ 150 ಡಿಗ್ರಿ, ಒಂದೂಕಾಲು ಗಂಟೆಗೂ ಮೇಲೆ. ಟಿನ್ನಿಗೆ ಎರಡು ಸುತ್ತು ಬಟರ್ ಪೇಪರ್ ಹೊದಿಸಿ. ಟೈಮರ್ 60 ನಿಮಿಷಕ್ಕೇ ನಿಲ್ಲುವುದರಿಂದ ಮರೆತರೆ ನಡುವೆಯೇ ಆರಿಹೋಗುತ್ತದೆ.

ನಲವತ್ತು ಜನ ಸೇರುವ ದಿನಕ್ಕೆ 16 ತುಂಡಿನ ಮೂರು ಹನಿ ಕೇಕು ಬೇಕು. ಒಂದರ ನಂತರ ಒಂದು ಎಂದರೆ ಎರಡು ಗಂಟೆಯ ಕೆಲಸ. ಒಣಪುಡಿಯನ್ನು ಮೂರು ಪಾಲು ಮಾಡಿ ಡಬ್ಬಿಯಲ್ಲಿಟ್ಟು, ಮೊಸರಿನ ಮಿಶ್ರಣವನ್ನೂ ಮೂರು ಪಾತ್ರೆಯಲ್ಲಿಟ್ಟುಕೊಂಡು, ಹಿಂದಿನ ಕೇಕು ಹೊರಬಂದ ಮೇಲೆಯೇ ಮುಂದಿನದನ್ನು ಕೂಡಿಸಿ. ನಾನ್‌ಖಟಾಯಿಯ ಉಂಡೆಗಳನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಡಬಹುದು, ಬೇಯಿಸಿದ್ದನ್ನು ವಾರದ ಮೊದಲೇ ಡಬ್ಬಿಗೆ ತುಂಬಬಹುದು. ಹನಿ ಕೇಕು ಹಿಂದಿನ ದಿನ ಮಾಡಿದರೆ ಪಾಕ ಹೀರಿ ಇನ್ನೂ ಚೆನ್ನ. ಬೇಯುವಾಗ ಕರೆಂಟು ಹೋದರೆ ಬಾಗಿಲು ಮುಟ್ಟಬೇಡಿ. ಅರ್ಧ ಗಂಟೆ ಬೆಂದಿದ್ದರೆ ಉಳಿದ ಬಿಸಿಯಲ್ಲೇ ಹೆಚ್ಚುಕಡಿಮೆ ಬೇಯುತ್ತದೆ. ಮೊದಲ ಹದಿನೈದು ನಿಮಿಷದಲ್ಲಿ ಹೋದರೆ ಮಾತ್ರ ಆ ಹಿಟ್ಟಿನ ಆಸೆ ಬಿಡಬೇಕು.

ಬಾಳಿಕೆಯ ಬಗ್ಗೆ ದೂರು ಕಡಿಮೆ. ಮೊದಲ ಸಲ ಖಾಲಿಯಾಗಿ 15 ನಿಮಿಷ ಜೋರಾಗಿ ಕಾಯಿಸಿದಾಗ ಬರುವ ಹೊಗೆ, ವಾಸನೆ ರಾಡಿನ ಲೇಪ ಸುಡುವುದರಿಂದ. ಕಿಟಕಿ ತೆರೆದಿಟ್ಟರೆ ಸಾಕು. ಕೆಳಗಿನ ಚೂರುತಟ್ಟೆಯನ್ನು ಪ್ರತಿ ಸಲವೂ ತೆಗೆದು ಒರೆಸಿ. ಸುರಿದ ಸಕ್ಕರೆ ಅಲ್ಲೇ ಕರಿಕಾದರೆ ಮುಂದಿನ ಕೇಕಿಗೆ ಸುಟ್ಟ ವಾಸನೆ ಹತ್ತುತ್ತದೆ. ಬಿಸಿ ಗಾಜಿಗೆ ಒದ್ದೆ ಬಟ್ಟೆ ತಾಗಿಸಬೇಡಿ, ಸಿಡಿಯುತ್ತದೆ. ಇದರಲ್ಲಿ ಕೆಟ್ಟದ್ದು ಕೆಳಗಿನ ಒಂದು ರಾಡು, ಆಮೇಲೆ ಟೈಮರ್. ಕೇಕಿನ ಮೇಲ್ಭಾಗ ಕೆಂಪಾಗಿ ತಳ ಹಸಿಯಾಗಿ ಉಳಿಯತೊಡಗಿದರೆ ಮೊದಲು ಕೆಳಗಿನ ರಾಡುಗಳು ಎರಡೂ ಹೊತ್ತುತ್ತಿವೆಯೇ ನೋಡಿ. ರಾಡನ್ನು ಗೀಸರ್, ಮಿಕ್ಸಿ ರಿಪೇರಿಯವರೇ ಬದಲಿಸಿಕೊಡುತ್ತಾರೆ. ಹೊಸದು ತರುವಾಗ ಹಳೆಯದರ ಉದ್ದ ಮತ್ತು ವ್ಯಾಟ್ ಎರಡನ್ನೂ ಹೊಂದಿಸಿಕೊಳ್ಳಬೇಕು.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ನಾಬಿನ ತಪ್ಪು ಗುರುತಿಗೆ. ಇಬ್ಬರೇ ಇರುವ ಮನೆಗೆ, ತಿಂಗಳಿಗೊಂದು ಕೇಕಿಗೆ ಇಷ್ಟು ದೊಡ್ಡದು ಬೇಡ, 18-20 ಲೀಟರಿನದು ಸಾಕು. ಆದರೆ ಅದರಲ್ಲಿ ಮೇಲಿನ ರಾಡು ಕೇಕಿಗೆ ತೀರ ಹತ್ತಿರ ಇರುವುದರಿಂದ 6 ಅಂಗುಲದ ಟಿನ್ನಿಗಿಂತ ದೊಡ್ಡದಕ್ಕೆ ಕೈಹಾಕಬೇಡಿ.