ಡ್ರ್ಯಾಗನ್ನೋ, ಮಾಯಾಲೋಕವೋ?

ಪರೀಕ್ಷೆ ಮುಗಿಸಿದ ತಂಗಿ ಕೇಳಿದಳು: "ಅಕ್ಕಾ, ಮಜಾಕ್ಕ ಓದಾಕ ಒಂದು ಸೀರೀಸ್ ಹೇಳ. ಪ್ರೀತಿನೂ ಇರಬೇಕು, ಜಾದೂನೂ ಇರಬೇಕು." ನನ್ನ ಕಪಾಟಿನಲ್ಲಿ ಎರಡಿದ್ದವು, ಎರಡೂ ಇಂಗ್ಲಿಷ್.

ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್' (2023) ಮೊದಲ ಪುಟದಿಂದಲೇ ಓಡುತ್ತದೆ. ಮೈಯಲ್ಲಿ ಕಸುವಿಲ್ಲದ ವಯೊಲೆಟ್ ಡ್ರ್ಯಾಗನ್ ಸವಾರರ ಯುದ್ಧಶಾಲೆಗೆ ಸೇರುತ್ತಾಳೆ; ಅಲ್ಲಿ ಫೇಲಾದರೆ ಜೀವವೇ ಹೋದಂತೆ. ನಾಯಕ, ಅವಳ ತಾಯಿ ಕೊಲ್ಲಿಸಿದ ಬಂಡಾಯಗಾರನ ಮಗ. ವಾಕ್ಯಗಳು ಸರಳ. ಧಾರವಾಡದಲ್ಲಿ ಚಿಗರಿ ಬಸ್ ಹತ್ತಿ ಪುಸ್ತಕ ತೆರೆದವಳು ಹುಬ್ಬಳ್ಳಿಯಲ್ಲಿ ನನ್ನ ಸ್ಟಾಪ್ ದಾಟಿ ಹೋಗಿದ್ದೆ! ತೊಂದರೆ ಒಂದೇ: 2025ರಲ್ಲಿ ಬಂದ ಮೂರನೆಯ ಭಾಗ 'ಓನಿಕ್ಸ್ ಸ್ಟಾರ್ಮ್' ನಡುನೀರಿನಲ್ಲಿ ಕೈಬಿಡುತ್ತದೆ. ಒಟ್ಟು ಐದು ಭಾಗಗಳ ಯೋಜನೆ, ಕಾಯುವ ತಾಳ್ಮೆ ಬೇಕು.

ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' 2015ರದು. ಬೇಟೆಯಾಡಿ ಮನೆ ಸಾಕುವ ಹುಡುಗಿ ಫೇರಾ ಒಂದು ತೋಳವನ್ನು ಕೊಂದ ತಪ್ಪಿಗೆ ಮಾಯಾಲೋಕಕ್ಕೆ ಹೋಗಬೇಕಾಗುತ್ತದೆ. ಮೊದಲರ್ಧ ಎತ್ತಿನಗಾಡಿಯಂತೆ ನಿಧಾನ. ನಾನು ಎರಡು ಸಲ ಕೆಳಗಿಟ್ಟೆ. ರುಚಿ ಇರುವುದು ಎರಡನೆಯ ಭಾಗದಲ್ಲಿ. ಅಲ್ಲಿ ಪ್ರೀತಿಯ ಲೆಕ್ಕವೇ ತಲೆಕೆಳಗು. 2021ರ ಹೊತ್ತಿಗೇ ಐದು ಪುಸ್ತಕ ಬಂದಿದ್ದು, ಮೊದಲ ಮೂರರಲ್ಲಿ ಫೇರಾಳ ಮುಖ್ಯ ಕಥೆ ಒಂದು ದಡ ಸೇರುತ್ತದೆ.

ಎರಡರಲ್ಲೂ ಹಾಸಿಗೆ ದೃಶ್ಯಗಳು ಧಾರಾಳ. ಅವ್ವನ ಎದುರು ಜೋರಾಗಿ ಓದುವಂಥವಲ್ಲ.

ತಂಗಿಗೆ ನಿಧಾನದ ಕಥೆ ಓದುವ ತಾಳ್ಮೆ ಕಡಿಮೆ, ಡ್ರ್ಯಾಗನ್ನನ್ನೇ ಕೊಟ್ಟೆ. ಮಳೆಗಾಲದಲ್ಲಿ ಗಿರ್ಮಿಟ್ ಮುಂದಿಟ್ಟುಕೊಂಡು ನಿಧಾನಕ್ಕೆ ಓದುವವರಾದರೆ ಮಾಸ್ ಹಿಡಿಯಿರಿ.